ಸ್ಲೋ ಕುಕ್ಕರ್‌ನಲ್ಲಿ ಚಕ್ಕೆ ಸೇಬು: ಹೋಳು ಕರಗದ ಹಾಗೆ, ಪಾಕ ನೀರಾಗದ ಹಾಗೆ

ಅಕ್ಟೋಬರ್ ಬಂತೆಂದರೆ ಮಿಶಿಗನ್‌ನ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಸೇಬಿನ ಚೀಲ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಸೇಬು ಬೆಳೆಯುವುದು ವಾಷಿಂಗ್ಟನ್ ರಾಜ್ಯ. ಅದರ ಹಿಂದೆಯೇ ನ್ಯೂಯಾರ್ಕ್, ಮಿಶಿಗನ್ ಬರುತ್ತವೆ. ಸೆಪ್ಟೆಂಬರ್‌ನಿಂದ ಇಲ್ಲಿನ ತೋಟಗಳಿಗೆ ಹೋಗಿ ನಾವೇ ಕೈಯಾರೆ ಹಣ್ಣು ಕೀಳಬಹುದು. ಮಕ್ಕಳು ಎಟುಕಿದ್ದನ್ನೆಲ್ಲ ಕಿತ್ತು ಚೀಲ ತುಂಬಿಬಿಡುತ್ತಾರೆ. ಮನೆಗೆ ಬಂದಮೇಲೆ ಆ ಹತ್ತು ಕೆಜಿಯನ್ನು ಏನು ಮಾಡುವುದು ಅಂತ ಯೋಚಿಸುವುದು ದೊಡ್ಡವರ ಪಾಲಿಗೆ ಬರುತ್ತದೆ.

ನಾವು ಅದರಲ್ಲಿ ಒಂದಷ್ಟನ್ನು ಸ್ಲೋ ಕುಕ್ಕರ್‌ಗೆ, ಅಂದರೆ ಕರೆಂಟಿನ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಪಾತ್ರೆಗೆ ಹಾಕುತ್ತೇವೆ. ಸೇಬಿನ ದಪ್ಪ ಹೋಳು, ಬ್ರೌನ್ ಶುಗರ್, ಬೆಣ್ಣೆ, ಚಕ್ಕೆಪುಡಿ, ಅಷ್ಟೇ. ಮೂರು ಮೂರೂವರೆ ಗಂಟೆ ಬಿಟ್ಟರೆ ಹೋಳು ಮೆತ್ತಗಾಗಿ, ಸುತ್ತ ಕಂದು ಬಣ್ಣದ ಪಾಕ ಕೂಡಿರುತ್ತದೆ. ಹೊರಗಿನಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ಚಕ್ಕೆಯ ಘಮ.

ಇದರ ಮೂಲ ಅಮೆರಿಕದ ದಕ್ಷಿಣ ಭಾಗದ 'ಫ್ರೈಡ್ ಆ್ಯಪಲ್ಸ್'. ಹೆಸರಲ್ಲಿ ಫ್ರೈ ಅಂತಿದ್ದರೂ ಎಣ್ಣೆಯಲ್ಲಿ ಕರಿಯುವುದಿಲ್ಲ, ಬಾಣಲೆಯಲ್ಲಿ ಬೆಣ್ಣೆ ಸಕ್ಕರೆ ಹಾಕಿ ಬಾಡಿಸುತ್ತಾರೆ. ಅಲ್ಲಿ ಇದನ್ನು ಊಟ ಮುಗಿದ ಮೇಲೆ ತಿನ್ನುವ ಸಿಹಿ ಅಂತಲೇ ನೋಡುವುದಿಲ್ಲ. ಬೆಳಗಿನ ತಿಂಡಿಯ ಜೊತೆಗೋ, ಊಟದ ತಟ್ಟೆಯಲ್ಲಿ ಖಾರದ ಪಕ್ಕಕ್ಕೋ ಬಡಿಸುತ್ತಾರೆ. ಅಮೆರಿಕದ ಬೇರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು, ನಮಗೆ ಅನ್ನಿಸುವುದಿಲ್ಲ ಅಲ್ವಾ? ಚಪಾತಿಗೆ ಮಾವಿನ ಸೀಕರಣೆ, ಅನ್ನಕ್ಕೆ ಅನಾನಸ್ ಗೊಜ್ಜು ಹಾಕಿಕೊಂಡು ಬೆಳೆದವರು ನಾವು.

ಮೊದಲು ಕುಕ್ಕರ್ ಹೇಗೆ ಕೆಲಸ ಮಾಡುತ್ತದೆ ನೋಡಿ

ಸ್ಲೋ ಕುಕ್ಕರ್ ಕಂಡುಹಿಡಿದವರು ಶಿಕಾಗೋದ ಇರ್ವಿಂಗ್ ನ್ಯಾಕ್ಸನ್. ಅವರ ತಾಯಿಯ ಊರು ಲಿಥುವೇನಿಯಾದ ವಿಲ್ನಾ. ಅಲ್ಲಿನ ಯಹೂದಿ ಮನೆಗಳವರು ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಪಾತ್ರೆಯನ್ನು ಊರಿನ ಬೇಕರಿಯ ಒಲೆಯಲ್ಲಿ ಇಟ್ಟು ಬರುತ್ತಿದ್ದರಂತೆ. ಬೇಕರಿಯವರು ಒಲೆ ಆರಿಸಿದರೂ ಉಳಿದ ಕಾವಿನಲ್ಲೇ ಅದು ರಾತ್ರಿಯೆಲ್ಲ ಬೇಯುತ್ತಿತ್ತು. ಆ ಕಥೆ ಕೇಳಿದ ನ್ಯಾಕ್ಸನ್ ಕರೆಂಟಿನಿಂದ ಸಣ್ಣಗೆ ಕಾಯುವ ಪಾತ್ರೆ ಮಾಡಿದರು. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ 'ಕ್ರಾಕ್‌ಪಾಟ್' ಅನ್ನುವ ಹೆಸರಿನಲ್ಲಿ ಮಾರಿತು. ನಮ್ಮ ಊರುಗಳಲ್ಲಿ ಕುಳ್ಳಿನ ಬೆಂಕಿಯ ಮೇಲೆ ಹಾಲಿಟ್ಟು, ದಿನವಿಡೀ ಕಾಯಿಸಿ, ದಪ್ಪ ಕೆಂಪು ಕೆನೆ ಕಟ್ಟಿಸುತ್ತಿದ್ದರಲ್ಲ, ಇದೂ ಅದೇ ಬಗೆಯ ಸಣ್ಣ ಕಾವು.

ಬಿಸಿ ಮಾಡುವ ತಂತಿ ಪಿಂಗಾಣಿ ಪಾತ್ರೆಯ ಗೋಡೆಯ ಸುತ್ತ ಇರುತ್ತದೆ. ಹಾಗಾಗಿ ಅಂಚಿನಲ್ಲಿರುವ ಹೋಳು ಮೊದಲು ಬೇಯುತ್ತದೆ, ನಡುವಿನದು ತಡ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕುಕ್ಕರ್‌ನ ಗುಂಡಿಯನ್ನು ಲೋಗೆ (ಸಣ್ಣ ಕಾವು) ಇಟ್ಟರೂ ಹೈಗೆ (ಜೋರು ಕಾವು) ಇಟ್ಟರೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು, ಅಂದರೆ ಕುದಿಗಿಂತ ಸ್ವಲ್ಪ ಕೆಳಗಿನ ಬಿಸಿಯನ್ನು. ಹೈನಲ್ಲಿ ಬೇಗ ಮುಟ್ಟುತ್ತದೆ, ಲೋನಲ್ಲಿ ನಿಧಾನವಾಗಿ.

ಸೇಬಿನ ವಿಷಯದಲ್ಲಿ ಆ ನಿಧಾನವೇ ಮುಖ್ಯ. ಸೇಬಿನ ಹೋಳನ್ನು ಹಿಡಿದಿಡುವುದು ಪೆಕ್ಟಿನ್, ಜ್ಯಾಮ್ ಗಟ್ಟಿಯಾಗಿಸುವುದೂ ಅದೇ. ನೇರವಾಗಿ ಜೋರು ಬಿಸಿ ತಾಗಿದರೆ ಪೆಕ್ಟಿನ್ ಕರಗಿ ಹೋಳು ಕುಸಿಯುತ್ತದೆ. ಆದರೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಇದ್ದರೆ, ಹಣ್ಣಿನೊಳಗಿನ ಒಂದು ಕಿಣ್ವ ಆ ಪೆಕ್ಟಿನ್ ಅನ್ನು ಬಿಗಿಗೊಳಿಸುತ್ತದೆ. ಆಮೇಲೆ ಎಷ್ಟು ಬೆಂದರೂ ಹೋಳು ಬೇಗ ಒಡೆಯುವುದಿಲ್ಲ. ಲೋನಲ್ಲಿ ಇಟ್ಟ ಸೇಬು ಆ ಬಿಸಿಯನ್ನು ನಿಧಾನವಾಗಿ ದಾಟುತ್ತದೆ. ಅದಕ್ಕೇ ನಾನು ಹೇಳುವುದು, ಸಮಯ ಇದ್ದರೆ ಲೋ ಇಡಿ. ಹೈ ಇಟ್ಟರೂ ಒಂದೂವರೆ, ಎರಡು ಗಂಟೆಯಲ್ಲಿ ಬೇಯುತ್ತದೆ, ರುಚಿಗೆ ಮೋಸವಿಲ್ಲ. ಹೋಳಿನ ಅಂದ ಮಾತ್ರ ಲೋನಷ್ಟು ಬರುವುದಿಲ್ಲ.

ನಾನು ಮೊದಲ ಸಲ ಮಾಡಿದಾಗ ಇದ್ಯಾವುದೂ ಗೊತ್ತಿರಲಿಲ್ಲ. ತೋಟದಿಂದ ತಂದ ಮ್ಯಾಕಿಂಟಾಷ್ ಸೇಬನ್ನು ತೆಳ್ಳಗೆ ಹೆಚ್ಚಿದೆ. ತಳ ಹಿಡಿಯುತ್ತೇನೋ ಅಂತ ಒಂದು ಕಪ್ ನೀರು ಹಾಕಿದೆ. ರಾತ್ರಿ ಇಟ್ಟು ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಂದು ಹೋಳೂ ಉಳಿದಿರಲಿಲ್ಲ. ತಿಳಿ ನೀರಿನಲ್ಲಿ ಕಂದು ಮುದ್ದೆ ತೇಲುತ್ತಿತ್ತು. ಕಾರಣ ಮೂರು: ಮೆತ್ತಗಿನ ಜಾತಿ, ಬೇಡದ ನೀರು, ವಿಪರೀತ ಸಮಯ. ಆ ಮೂರನ್ನು ಸರಿ ಮಾಡಿದ ಮೇಲೆ ಇವತ್ತಿನವರೆಗೆ ಒಮ್ಮೆಯೂ ಕೆಟ್ಟಿಲ್ಲ.

ಯಾವ ಸೇಬು?

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕಚ್ಚಿದರೆ ಕರಂ ಅನ್ನಬೇಕು, ಸ್ವಲ್ಪ ಹುಳಿ ಇರಬೇಕು. ಹುಳಿ ಇರುವ ಹಣ್ಣು ಬೆಂದ ಮೇಲೂ ಆಕಾರ ಉಳಿಸಿಕೊಳ್ಳುತ್ತದೆ, ಸಕ್ಕರೆ ಪಾಕದ ನಡುವೆ ಸೇಬಿನ ರುಚಿಯೂ ಕಾಣುತ್ತದೆ.

ಎಲ್ಲ ಕಡೆ ಸಿಗುವುದು ಹಸಿರು ಗ್ರ್ಯಾನಿ ಸ್ಮಿತ್. ಆಸ್ಟ್ರೇಲಿಯಾದ ಮರಿಯಾ ಆ್ಯನ್ ಸ್ಮಿತ್ ಅನ್ನುವ ಅಜ್ಜಿಯ ತೋಟದಲ್ಲಿ 1868ರ ಹೊತ್ತಿಗೆ ತಾನಾಗಿ ಹುಟ್ಟಿದ ಗಿಡದಿಂದ ಬಂದ ಜಾತಿ ಇದು, ಹೆಸರೂ ಆಕೆಯದೇ. ಹುಳಿ ಚೆನ್ನಾಗಿದೆ, ಬಿಗಿಯೂ ಇದೆ. ಆದರೆ ಇದೊಂದನ್ನೇ ಹಾಕಿದರೆ ರುಚಿ ಒಂದೇ ಸಮನಾಗಿರುತ್ತದೆ. ಹನಿಕ್ರಿಸ್ಪ್ ಸಿಹಿ, ಗಟ್ಟಿ. ಮಿನ್ನೆಸೋಟ ವಿಶ್ವವಿದ್ಯಾಲಯದವರು ಬೆಳೆಸಿ 1991ರಲ್ಲಿ ಹೊರತಂದ ಜಾತಿ, ಬೆಲೆ ಮಾತ್ರ ಜಾಸ್ತಿ. ಪಿಂಕ್ ಲೇಡಿ, ಬ್ರೇಬರ್ನ್, ಜೋನಾಗೋಲ್ಡ್ ಕೂಡ ನಡೆಯುತ್ತವೆ. ಮಿಶಿಗನ್, ನ್ಯೂಯಾರ್ಕ್ ಕಡೆಯ ತೋಟಗಳಲ್ಲಿ ನಾರ್ದರ್ನ್ ಸ್ಪೈ ಕಂಡರೆ ಬಿಡಬೇಡಿ. ನೋಡಲು ಅಂಥಾ ಚಂದವಿಲ್ಲ, ಬೇಯಿಸಲು ಅದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ.

ನನ್ನ ಲೆಕ್ಕ ಇದು: ಅರ್ಧ ಹುಳಿ, ಅರ್ಧ ಸಿಹಿ. ನಾಲ್ಕು ಗ್ರ್ಯಾನಿ ಸ್ಮಿತ್, ನಾಲ್ಕು ಹನಿಕ್ರಿಸ್ಪ್.

ಮ್ಯಾಕಿಂಟಾಷ್ ಬೇಡ. ರೆಡ್ ಡಿಲೀಷಿಯಸ್ ಕೂಡ ಬೇಡ, ಬೆಂದರೆ ಹಿಟ್ಟುಹಿಟ್ಟಾಗುತ್ತದೆ. ಬೆಂಗಳೂರಿನಲ್ಲಿ ಮಾಡುವವರು ಬಂಡಿಯಲ್ಲಿ ಸಿಗುವ ಮೆತ್ತಗಿನ ಕೆಂಪು ಸೇಬು ತರಬೇಡಿ. ಗ್ರ್ಯಾನಿ ಸ್ಮಿತ್ ಸಿಗದಿದ್ದರೆ ಗಟ್ಟಿಯಾದ ಫುಜಿ ಆರಿಸಿ, ಸಕ್ಕರೆ ಅರ್ಧ ಮಾಡಿ, ನಿಂಬೆರಸ ಎರಡರಷ್ಟು ಹಾಕಿ.

ಚಕ್ಕೆಯ ವಿಷಯ

ಚಕ್ಕೆಯಲ್ಲಿ ಎರಡು ಬಗೆ. ದಪ್ಪ, ಗಟ್ಟಿ, ತೊಗಟೆಯ ಹಾಗೇ ಕಾಣುವುದು ಕ್ಯಾಸಿಯಾ. ನಮ್ಮ ಪುಲಾವಿಗೆ ಬೀಳುವುದು ಹೆಚ್ಚಾಗಿ ಇದೇ. ಅಮೆರಿಕದ ಅಂಗಡಿಗಳಲ್ಲಿ ಸುಮ್ನೆ 'ಸಿನಮನ್' ಅಂತ ಬರೆದ ಪುಡಿಯೂ ಸಾಮಾನ್ಯವಾಗಿ ಇದೇ. ತೆಳ್ಳಗಿನ ಪದರಗಳು ಸುರುಳಿ ಸುತ್ತಿದಂತೆ, ಕೈಯಲ್ಲೇ ಪುಡಿಯಾಗುವಂತೆ ಇರುವುದು ಸಿಲೋನ್ ಚಕ್ಕೆ. ಅದರ ವಾಸನೆ ನಯ, ಸ್ವಲ್ಪ ಹೂವಿನಂತೆ.

ಈ ತಿಂಡಿಗೆ ನನಗೆ ಕ್ಯಾಸಿಯಾನೇ ಇಷ್ಟ. ಮೂರು ಗಂಟೆ ಬೆಂದ ಮೇಲೂ ಅದರ ಖಾರ ನಿಲ್ಲುತ್ತದೆ. ಆದರೆ ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ದಿನಾ ಹೆಚ್ಚು ತಿಂದರೆ ಲಿವರ್‌ಗೆ ಒಳ್ಳೆಯದಲ್ಲ. ಅಪರೂಪಕ್ಕೆ ಮಾಡುವವರು ಚಿಂತೆ ಮಾಡಬೇಕಿಲ್ಲ. ದಿನವೂ ಓಟ್ಸ್ ಜೊತೆ ಚಕ್ಕೆ ತಿನ್ನುವವರಾದರೆ ಸಿಲೋನ್ ತೆಗೆದುಕೊಳ್ಳಿ.

ಇನ್ನೊಂದು ಕಿವಿಮಾತು: ಪುಡಿಯನ್ನೆಲ್ಲ ಮೊದಲೇ ಸುರಿಯಬೇಡಿ. ಚಕ್ಕೆಪುಡಿ ಬಿಸಿ ರಸದಲ್ಲಿ ನೆನೆದರೆ ಲೋಳೆ ಬಿಡುತ್ತದೆ. ಜಾಸ್ತಿ ಹಾಕಿದರೆ ಪಾಕ ಅಂಟಂಟಾಗಿ, ನಾಲಿಗೆಗೆ ಮಣ್ಣಿನಂತೆ ತಾಗುತ್ತದೆ. ಸುವಾಸನೆಯೂ ಅಷ್ಟು ಹೊತ್ತಿನಲ್ಲಿ ಹಾರಿಹೋಗುತ್ತದೆ. ಒಂದು ಕಡ್ಡಿ ಮತ್ತು ಸ್ವಲ್ಪ ಪುಡಿ ಮೊದಲು, ಉಳಿದದ್ದು ಕೊನೆಗೆ.

ಬೇಕಾಗುವ ಸಾಮಾನು

ಎಂಟು ಜನಕ್ಕೆ, 5 ಅಥವಾ 6 ಲೀಟರ್ ಕುಕ್ಕರ್‌ಗೆ:

- ಸೇಬು 8, ಮಧ್ಯಮ ಗಾತ್ರದ್ದು (ಸುಮಾರು 1.4 ಕೆಜಿ)
- ಬ್ರೌನ್ ಶುಗರ್ ಅರ್ಧ ಕಪ್, ಒತ್ತಿ ಅಳೆದದ್ದು (ಸುಮಾರು 100 ಗ್ರಾಂ)
- ಉಪ್ಪಿಲ್ಲದ ಬೆಣ್ಣೆ 2 ದೊಡ್ಡ ಚಮಚ (ಸುಮಾರು 30 ಗ್ರಾಂ)
- ನಿಂಬೆರಸ 1 ದೊಡ್ಡ ಚಮಚ
- ಚಕ್ಕೆ ಕಡ್ಡಿ 1, ಚಕ್ಕೆಪುಡಿ ಒಂದೂವರೆ ಚಿಕ್ಕ ಚಮಚ
- ಜಾಯಿಕಾಯಿ ತುರಿ ಒಂದು ಚಿಟಿಕೆ
- ಉಪ್ಪು ಕಾಲು ಚಿಕ್ಕ ಚಮಚ
- ಆ್ಯಪಲ್ ಸೈಡರ್ ಅಥವಾ ನೀರು 3 ದೊಡ್ಡ ಚಮಚ
- ಕಾರ್ನ್ ಫ್ಲೋರ್ 1 ದೊಡ್ಡ ಚಮಚ, ಕದಡಲು ತಣ್ಣೀರು 2 ದೊಡ್ಡ ಚಮಚ
- ವೆನಿಲಾ 1 ಚಿಕ್ಕ ಚಮಚ, ಬೇಕಿದ್ದರೆ

ಬ್ರೌನ್ ಶುಗರ್ ಅಂದರೆ ಬಿಳಿ ಸಕ್ಕರೆಗೆ ಕಾಕಂಬಿ ಸೇರಿಸಿದ್ದು. ಅದು ಇಲ್ಲದಿದ್ದರೆ ಬೆಲ್ಲದ ಪುಡಿ ಹಾಕಿ. ನಾನು ಎರಡೂ ಮಾಡಿ ನೋಡಿದ್ದೇನೆ. ಬೆಲ್ಲ ಹಾಕಿದರೆ ಪಾಕ ಇನ್ನೂ ಗಾಢವಾಗುತ್ತದೆ, ಹೂರಣದ ಘಮ ಬರುತ್ತದೆ. ಬೆಲ್ಲದಲ್ಲೇ ಉಪ್ಪಿನ ಅಂಶ ಇರುವುದರಿಂದ ಉಪ್ಪು ಬರೀ ಚಿಟಿಕೆ ಸಾಕು. ಅಮೆರಿಕದಲ್ಲಿ ಸೈಡರ್ ಅಂದರೆ ಸೋಸದ ತಾಜಾ ಸೇಬಿನ ರಸ, ತೋಟಗಳಲ್ಲೇ ಹಿಂಡಿ ಮಾರುತ್ತಾರೆ. ಆ್ಯಪಲ್ ಸೈಡರ್ ವಿನೆಗರ್ ಬೇರೆ, ಅದನ್ನು ಹಾಕಬೇಡಿ.

ಮಾಡುವ ಬಗೆ

1. ಸೇಬನ್ನು ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆಯಿರಿ. ಅಂಗಡಿಯ ಹಣ್ಣಿಗೆ ಸಾಮಾನ್ಯವಾಗಿ ಮೇಣ ಸವರಿರುತ್ತಾರೆ. ಸಿಪ್ಪೆ ತೆಗೆಯಬೇಕೋ ಬೇಡವೋ ನಿಮ್ಮಿಷ್ಟ. ಸಿಪ್ಪೆ ಇದ್ದರೆ ಹೋಳು ಇನ್ನಷ್ಟು ಬಿಗಿಯಾಗಿರುತ್ತದೆ, ಆದರೆ ಬೆಂದಮೇಲೆ ಅದು ಸುರುಟಿಕೊಂಡು ಬಾಯಿಗೆ ಸಿಗುತ್ತದೆ. ನಾನು ಪೀಲರ್‌ನಿಂದ ಪಟ್ಟೆಪಟ್ಟೆಯಾಗಿ ತೆಗೆದು ಅರ್ಧ ಉಳಿಸುತ್ತೇನೆ. ಹಲ್ಲಿಲ್ಲದ ಅಜ್ಜಿ ತಾತನಿಗೆ, ಪುಟ್ಟ ಮಕ್ಕಳಿಗೆ ಮಾಡುವುದಾದರೆ ಪೂರ್ತಿ ತೆಗೆಯಿರಿ.

2. ಹೋಳಿನ ದಪ್ಪ ಸರಿಯಿರಬೇಕು. ಹಣ್ಣನ್ನು ನಾಲ್ಕು ಭಾಗ ಮಾಡಿ, ಬೀಜದ ಭಾಗವನ್ನು ಓರೆಯಾಗಿ ಕತ್ತರಿಸಿ ತೆಗೆಯಿರಿ. ಪ್ರತಿ ಭಾಗವನ್ನು ಉದ್ದಕ್ಕೆ ಎರಡು ಮಾಡಿ. ಅಂದರೆ ಒಂದು ಸೇಬಿಗೆ ಎಂಟು ಹೋಳು. ಬೆನ್ನಿನ ಕಡೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ದಪ್ಪ ಇರಬೇಕು. ಕತ್ತರಿಸುವಾಗ ದಪ್ಪ ಜಾಸ್ತಿ ಆಯ್ತೇನೋ ಅನ್ನಿಸುತ್ತದೆ. ಅನ್ನಿಸಲಿ. ತಾಜಾ ಸೇಬಿನೊಳಗೆ ಗಾಳಿ ತುಂಬಾ ಇರುತ್ತದೆ, ಸುಮಾರು ಕಾಲು ಭಾಗ ಅದೇ. ಬೆಂದಾಗ ಗಾಳಿ ಹೋಗಿ ಹೋಳು ಕುಗ್ಗುತ್ತದೆ. ಕುಕ್ಕರ್ ಮುಕ್ಕಾಲು ತುಂಬಿದ್ದು ಕೊನೆಗೆ ಅರ್ಧಕ್ಕೆ ಇಳಿದಿರುತ್ತದೆ.

3. ಹೋಳುಗಳನ್ನು ನೇರವಾಗಿ ಪಿಂಗಾಣಿ ಪಾತ್ರೆಗೆ ಹಾಕಿ, ತಕ್ಷಣ ನಿಂಬೆರಸ ಕಲಸಿ. ಹೆಚ್ಚಿದ ಸೇಬು ಕಪ್ಪಾಗುವುದು ಇದರಿಂದ ನಿಲ್ಲುತ್ತದೆ. ಫ್ರಿಜ್‌ನಿಂದ ಈಗಷ್ಟೇ ತೆಗೆದ ತಣ್ಣನೆಯ ಪಾತ್ರೆಯನ್ನು ಕಾದ ಕುಕ್ಕರ್‌ಗೆ ಇಳಿಸಬೇಡಿ, ಬಿರುಕು ಬಿಡುತ್ತದೆ.

4. ಒಂದು ಬಟ್ಟಲಲ್ಲಿ ಬ್ರೌನ್ ಶುಗರ್, ಒಂದು ಚಿಕ್ಕ ಚಮಚ ಚಕ್ಕೆಪುಡಿ, ಜಾಯಿಕಾಯಿ, ಉಪ್ಪು ಬೆರೆಸಿ. ಇದನ್ನು ಹೋಳುಗಳ ಮೇಲೆ ಉದುರಿಸಿ ಕೈಯಿಂದಲೇ ಕಲಸಿ. ಸೌಟಿಗಿಂತ ಕೈಯೇ ವಾಸಿ, ಪ್ರತಿ ಹೋಳಿಗೂ ಸಕ್ಕರೆ ಹತ್ತುತ್ತದೆ. ಚಕ್ಕೆ ಕಡ್ಡಿಯನ್ನು ನಡುವೆ ಹುದುಗಿಸಿ. ಮೂರು ಚಮಚ ಸೈಡರ್ ಅಂಚಿನ ಸುತ್ತ ಹಾಕಿ. ಬೆಣ್ಣೆಯನ್ನು ಚಿಕ್ಕ ಚೂರು ಮಾಡಿ ಮೇಲೆ ಹರಡಿ.

ಇಷ್ಟೇ ನೀರಾ ಅಂತ ಗಾಬರಿ ಬೇಡ. ಸೇಬಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು ನೀರೇ. ಸಕ್ಕರೆ ಆ ನೀರನ್ನು ಹೊರಗೆ ಎಳೆಯುತ್ತದೆ. ಮುಚ್ಚಳ ಮುಚ್ಚಿರುವುದರಿಂದ ಆವಿಯಾಗಿ ಎದ್ದದ್ದೂ ಹನಿಯಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ. ಒಲೆಯ ಮೇಲೆ ಮಾಡುವಂತೆ ಇಲ್ಲಿ ನೀರು ಇಂಗುವುದಿಲ್ಲ. ಹಾಕಿದ್ದೆಲ್ಲ ಹಾಗೇ ಉಳಿಯುತ್ತದೆ.

5. ಮುಚ್ಚಿ, ಲೋನಲ್ಲಿ ಇಡಿ. ಮೊದಲ ಒಂದೂವರೆ ಗಂಟೆ ಮುಚ್ಚಳ ಮುಟ್ಟಬೇಡಿ. ಪ್ರತಿ ಸಲ ತೆಗೆದಾಗ ಕೂಡಿಟ್ಟ ಬಿಸಿಯೆಲ್ಲ ಹೋಗುತ್ತದೆ, ಮತ್ತೆ ಕಾಯಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಘಮ ಬಂತು ಅಂತ ಆಸೆಯಾಗುತ್ತದೆ, ಗಾಜಿನ ಮುಚ್ಚಳದಿಂದಲೇ ನೋಡಿ.

6. ಒಂದೂವರೆ ಗಂಟೆಗೆ ಒಮ್ಮೆ ಮಾತ್ರ ತೆಗೆದು, ಅಂಚಿನ ಹೋಳುಗಳನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತನ್ನಿ. ಸೌಟನ್ನು ತಳದಿಂದ ಮೇಲಕ್ಕೆ ಎತ್ತಬೇಕು, ಗರಗರ ತಿರುವಬಾರದು.

7. ಎರಡೂವರೆ ಗಂಟೆಯಿಂದ ಪರೀಕ್ಷಿಸಲು ಶುರು ಮಾಡಿ. ನಡುವಿನಿಂದ ಒಂದು ಹೋಳನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿಯಿರಿ. ಅಂಚೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕು ಹಾಯುವಂತಿರುತ್ತದೆ. ಒಳಗೆ ಇನ್ನೂ ಒಂದು ಬಿಳಿ ಗೆರೆ ಕಂಡರೆ ಬೇಯಲು ಅರ್ಧ ಗಂಟೆ ಇದೆ. ಗೆರೆ ಹೋಗಿ, ಚಾಕುವಿನ ತುದಿ ಬೆಣ್ಣೆಗೆ ಇಳಿದಂತೆ ಇಳಿದರೂ ಹೋಳು ಚಮಚದ ಮೇಲೆ ಬಾಗದೆ ಕೂತಿದ್ದರೆ ಅದೇ ಹದ. ನನ್ನ ಕುಕ್ಕರ್‌ನಲ್ಲಿ ಇದು ಮೂರು ಗಂಟೆ ಹತ್ತು ನಿಮಿಷದ ಹೊತ್ತಿಗೆ ಬರುತ್ತದೆ. ನಿಮ್ಮದು ಇಪ್ಪತ್ತು ನಿಮಿಷ ಆಚೀಚೆ ಆಗಬಹುದು. ಮೊದಲ ಸಲದ ಸಮಯ ಬರೆದಿಟ್ಟುಕೊಳ್ಳಿ.

8. ಈಗ ಕಾರ್ನ್ ಫ್ಲೋರ್ ಅನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಅಂಚಿನ ಪಾಕಕ್ಕೆ ಸುರಿದು ಮೆಲ್ಲಗೆ ಬೆರೆಸಿ. ಕುಕ್ಕರನ್ನು ಹೈಗೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಇಪ್ಪತ್ತು ನಿಮಿಷ ಬಿಡಿ. ಪಾಕ ಹೊಳಪಾಗಿ ಚಮಚದ ಬೆನ್ನಿಗೆ ಅಂಟುತ್ತದೆ. ಇದನ್ನು ಮೊದಲೇ ಹಾಕುವವರಿದ್ದಾರೆ. ಗಂಟೆಗಟ್ಟಲೆ ಹುಳಿ ರಸದಲ್ಲಿ ಬೆಂದರೆ ಕಾರ್ನ್ ಫ್ಲೋರ್ ಹಿಡಿತ ಬಿಟ್ಟು ಪಾಕ ಮತ್ತೆ ನೀರಾಗುತ್ತದೆ, ಹಾಗಾಗಿ ಕೊನೆಗೇ ಹಾಕಿ.

9. ಆಫ್ ಮಾಡಿ. ಕಡ್ಡಿ ತೆಗೆದು, ಉಳಿದ ಅರ್ಧ ಚಮಚ ಚಕ್ಕೆಪುಡಿ, ವೆನಿಲಾ ಬೆರೆಸಿ. ಹತ್ತು ನಿಮಿಷ ಹಾಗೇ ಬಿಟ್ಟು ರುಚಿ ನೋಡಿ. ಕುದಿಬಿಸಿಯಲ್ಲಿ ಸಿಹಿಯ ಲೆಕ್ಕ ಸರಿಯಾಗಿ ಗೊತ್ತಾಗುವುದಿಲ್ಲ. ಸಪ್ಪೆ ಅನ್ನಿಸಿದರೆ ಸಕ್ಕರೆಗೆ ಕೈ ಹಾಕುವ ಮೊದಲು ನಾಲ್ಕು ಹನಿ ನಿಂಬೆ ಹಿಂಡಿ ನೋಡಿ, ಬಹಳ ಸಲ ಕಮ್ಮಿಯಾಗಿರುವುದು ಅದೇ.

ಎಡವಟ್ಟಾದರೆ

ಪಾಕ ತೀರಾ ತೆಳ್ಳಗಿದ್ದರೆ ಹೋಳುಗಳನ್ನು ತೆಗೆದಿಟ್ಟು, ಬರೀ ಪಾಕವನ್ನು ಬಾಣಲೆಗೆ ಬಗ್ಗಿಸಿ ಐದು ನಿಮಿಷ ಕುದಿಸಿ. ಹೋಳನ್ನೂ ಸೇರಿಸಿ ಕುದಿಸಬೇಡಿ. ಹೋಳು ಕರಗಿಹೋದರೆ ಚಿಂತೆ ಬಿಡಿ, ಕಡೆಗೋಲಿನಿಂದ ಕಡೆದು ಆ್ಯಪಲ್ ಸಾಸ್ ಮಾಡಿ. ಮುಚ್ಚಳ ತೆಗೆದು ಇನ್ನೂ ಕೆಲವು ಗಂಟೆ ಇಂಗಿಸಿದರೆ ಬ್ರೆಡ್ಡಿಗೆ ಸವರುವ ಆ್ಯಪಲ್ ಬಟರ್ ಆಗುತ್ತದೆ. ನನ್ನ ಮೊದಲ ಸಲದ ಮುದ್ದೆಯೂ ಕೊನೆಗೆ ಆ್ಯಪಲ್ ಬಟರ್ ಆಯಿತು, ಚೆನ್ನಾಗಿಯೂ ಇತ್ತು.

ಕೆನೆ ಇಷ್ಟ ಅಂತ ಹಾಲನ್ನು ಕುಕ್ಕರ್‌ಗೇ ಹಾಕಬೇಡಿ. ಹುಳಿ ಬಿಸಿಗೆ ಒಡೆಯುತ್ತದೆ.

ಸ್ಲೋ ಕುಕ್ಕರ್ ಇಲ್ಲದಿದ್ದರೆ

ದಪ್ಪ ತಳದ ಪಾತ್ರೆಯಲ್ಲಿ, ಅತಿ ಸಣ್ಣ ಉರಿಯಲ್ಲಿ, ಮುಚ್ಚಿ ಇಪ್ಪತ್ತೈದು ಮೂವತ್ತು ನಿಮಿಷ. ಪ್ರೆಷರ್ ಕುಕ್ಕರ್ ಸೀಟಿ ಹಾಕಿಸುವುದು ಬೇಡ, ಒಂದೇ ಸೀಟಿಗೆ ಹೋಳು ಹೋಗುತ್ತದೆ. ಸ್ಲೋ ಕುಕ್ ಬಟನ್ ಇರುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್‌ಗಳು ತಳದಿಂದ ಮಾತ್ರ ಕಾಯುತ್ತವೆ, ಹೆಚ್ಚು ಸಮಯ ಹಿಡಿಯುತ್ತವೆ. ಅದರಲ್ಲಿ ಹೈ ಇಟ್ಟೇ ನೋಡಿ.

ಅಮೆರಿಕದಿಂದ ಊರಿಗೆ ವಾಪಸ್ ಹೋಗುವವರು ಸ್ಲೋ ಕುಕ್ಕರನ್ನೂ ಪೆಟ್ಟಿಗೆಗೆ ಹಾಕಿಕೊಳ್ಳುವುದುಂಟು. ಅಲ್ಲಿನದು 120 ವೋಲ್ಟ್‌ನದು, ನಮ್ಮಲ್ಲಿ 230. ಬರೀ ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟೇಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಷ್ಟು ಭಾರ ಹೊರುವುದಕ್ಕಿಂತ ಊರಲ್ಲೇ ಒಂದು ಕೊಳ್ಳುವುದು ಒಳ್ಳೆಯದು.

ತಿನ್ನುವುದು, ಎತ್ತಿಡುವುದು

ಬಿಸಿ ಹೋಳಿನ ಮೇಲೆ ವೆನಿಲಾ ಐಸ್‌ಕ್ರೀಮ್ ಹಾಕಿದರೆ ಅದು ಕರಗಿ ಪಾಕದ ಜೊತೆ ಗೆರೆಗೆರೆಯಾಗಿ ಇಳಿಯುತ್ತದೆ. ಅತಿಥಿಗಳು ಬಂದಾಗ ನಾನು ಹೀಗೇ ಕೊಡುತ್ತೇನೆ. ಬೆಳಿಗ್ಗೆಗಾದರೆ ಪ್ಯಾನ್‌ಕೇಕ್, ಓಟ್ಸ್. ನಮ್ಮ ಅಮ್ಮ ಇಲ್ಲಿಗೆ ಬಂದಿದ್ದಾಗ ಬಿಸಿ ಚಪಾತಿಗೆ ತುಪ್ಪ ಸವರಿ, ಇದನ್ನು ಸುತ್ತಿಕೊಂಡು ತಿಂದರು. "ಇನ್ನೊಂದು ಸ್ವಲ್ಪ ಜಾಯಿಕಾಯಿ ಬೀಳಲಿ ಕಣೇ" ಅಂದರು. ಅವತ್ತಿನಿಂದ ಚಿಟಿಕೆ ಎರಡಾಗಿದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬೇಡಿ. ತಣ್ಣಗಿನದು ಬಿಸಿಯಾಗಲು ಅದರಲ್ಲಿ ತುಂಬಾ ಹೊತ್ತು ಬೇಕು, ಅಷ್ಟರಲ್ಲಿ ಕೆಡುವ ಸಾಧ್ಯತೆ ಇದೆ. ಚಿಕ್ಕ ಬಾಣಲೆಯಲ್ಲಿ ಒಂದು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಫ್ರೀಜರ್‌ನಲ್ಲೂ ಇಡಬಹುದು, ಆದರೆ ಕರಗಿದ ಮೇಲೆ ಹೋಳು ಮೆತ್ತಗಾಗಿ ಪಾಕ ಸ್ವಲ್ಪ ನೀರು ಬಿಡುತ್ತದೆ. ಅಂಥದ್ದನ್ನು ನಾನು ಓಟ್ಸ್‌ಗೆ ಕಲಸುತ್ತೇನೆ.

ಡಬ್ಬಿಯ ತಳದಲ್ಲಿ ಪಾಕ ಮಾತ್ರ ಉಳಿದಿದ್ದರೆ ಚೆಲ್ಲಬೇಡಿ. ಎರಡು ಚಮಚ ಪಾಕಕ್ಕೆ ಬಿಸಿನೀರು, ಒಂದು ಚೂರು ಜಜ್ಜಿದ ಶುಂಠಿ ಹಾಕಿದರೆ ಚಳಿಯ ಸಂಜೆಗೆ ಕುಡಿಯಲು ಬಹಳ ಹಿತ.